ರೋಮ್ ನಗರದಲ್ಲೊಂದು ತೂತು ಗೂಡು

ರಾಮನಗರ
9 ಜೂನ್ 2006

'ಸಾಹಸದೀಪ' ಮಾಸಪತ್ರಿಕೆಯ ಕಥೆಗಾರರಾದ ಶ್ರೀ ಪ್ರಭುಲಿಂಗ ಅವರಿಗೆ,

ನಮಸ್ಕಾರ. ನಿಮ್ಮ 'ಕತ್ತಿಯ ಮಗಳು' ಧಾರಾವಾಹಿಯನ್ನು ಮೊದಲ ಕಂತಿನಿಂದ ಒಂದೂ ಬಿಡದೆ ಓದುತ್ತಿದ್ದೇವೆ. ರೋಮ್ ನಗರದ ಅಖಾಡದಲ್ಲಿ ಕಾದಾಡುವ ಗುಲಾಮ ಹೆಣ್ಣು ದ್ರೂಸಿಲ್ಲ ನಮಗೆ ಮನೆಮಗಳಂತೆ ಆಗಿಬಿಟ್ಟಿದ್ದಾಳೆ. ಅವಳಿಗೆ ಜ್ವರ ಬಂದ ಕಂತಿನಲ್ಲಿ ಇಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆದರೆ ಜೂನ್ ಕಂತು ಓದಿ ತಲೆ ಕೆಟ್ಟಿತು. ಮಾಂತ್ರಿಕ ಕೊರ್ವಸ್ ಚೌಕದಲ್ಲಿ ನಿಂತು ಚಿನ್ನದ ಪೆಟ್ಟಿಗೆಯಿಂದ ಒಂದು ರೇಷ್ಮೆ ಗೂಡು ತೆಗೆಯುತ್ತಾನೆ. ಜನರೆಲ್ಲ ನೋಡುತ್ತಿರುವಾಗ ಗೂಡು ಸೀಳಿಕೊಂಡು ಚಿಟ್ಟೆ ಹಾರಿಹೋಗುತ್ತದೆ. ಆಮೇಲೆ ಅದೇ ಗೂಡಿನಿಂದ ಅವನು ಕಡಿಯದ ಒಂದೇ ಎಳೆ ತೆಗೆದು ಇಡೀ ನಗರಕ್ಕೆ ಸುತ್ತಿ, "ನಿಮ್ಮೆಲ್ಲರ ಪ್ರಾಣ ಈ ಎಳೆಯಲ್ಲಿದೆ, ನನ್ನ ಮಾತು ಮೀರಿದರೆ ಕತ್ತರಿಸುತ್ತೇನೆ" ಅನ್ನುತ್ತಾನೆ. ಚಕ್ರವರ್ತಿಯೂ ನಡುಗುತ್ತಾನೆ, ದ್ರೂಸಿಲ್ಲಳ ಕೈಯಿಂದ ಕತ್ತಿ ಜಾರುತ್ತದೆ.

ಚಿಟ್ಟೆ ಹೊರಬಂದ ಮೇಲೆ ಎಳೆ ಎಲ್ಲಿಂದ ಬರುತ್ತದೆ ಸ್ವಾಮಿ? ಚಿಟ್ಟೆ ತೂತು ಮಾಡಿದ ಗೂಡಿನಲ್ಲಿ ಸಿಗುವುದು ಬರೀ ಚೂರು. ತೂತು ಗೂಡನ್ನು ನಮ್ಮ ಮಾರುಕಟ್ಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಹುಳು ಒಳಗಿರುವಾಗಲೇ ಗೂಡು ಬೇಯಿಸಿದರೆ ಮಾತ್ರ ಉದ್ದನೆಯ ಎಳೆ. ಇದು ರಾಮನಗರದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

ದ್ರೂಸಿಲ್ಲ ಸಿಂಹದ ಬೆನ್ನ ಮೇಲೆ ನಿಂತದ್ದನ್ನು ನಂಬಿದೆವು. ಸತ್ತವನ ತಲೆ ಮಾತಾಡಿದ್ದನ್ನೂ ನಂಬಿದೆವು. ಇದನ್ನು ಮಾತ್ರ ನಂಬಲಾರೆವು.

ಇತಿ,
ವ. ಕರೀಂ


ಹಾರೋಹಳ್ಳಿ
18 ಜೂನ್ 2006

ಮಾನ್ಯ ಕರೀಂ ಸಾಹೇಬರಿಗೆ,

ವಂದನೆಗಳು. ತಮ್ಮ ಪತ್ರ ಮಾಗಡಿಯ ಪತ್ರಿಕಾ ಕಚೇರಿಯಿಂದ ನನಗೆ ತಲುಪಿತು. ತಾವು ರೇಷ್ಮೆ ಇಲಾಖೆಯ ಹಿರಿಯ ಅಧಿಕಾರಿಗಳೆಂದು ಬರವಣಿಗೆಯ ಗತ್ತಿನಲ್ಲೇ ತಿಳಿಯಿತು. ತಮ್ಮಂಥವರು ನನ್ನ ಕಥೆ ಓದುವುದು ನನ್ನ ಭಾಗ್ಯ.

ಗೂಡಿನ ವಿಷಯದಲ್ಲಿ ಒಂದು ಅರಿಕೆ. ಅದು ಮಾಂತ್ರಿಕನ ಗೂಡು. ಮಾಂತ್ರಿಕನ ಗೂಡಿಗೆ ಮಾರುಕಟ್ಟೆಯ ಕಾನೂನು ಹತ್ತುವುದಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ನನಗೇ ನಗು ಬಂತು. ನಿಜ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ. ನಮ್ಮದು ತಿಪ್ಪಸಂದ್ರದ ಕಡೆ ರಾಗಿ ಹೊಲ, ಹುಳು ಸಾಕಿದವರಲ್ಲ. ಈಗ ಇಲ್ಲಿ ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ.

ದಯವಿಟ್ಟು ಈ ತಪ್ಪನ್ನು ಸಂಪಾದಕ ಅನಂತರಾಜು ಅವರಿಗೆ ಬರೆಯಬೇಡಿ. ಅಕ್ಟೋಬರಿಗೆ ಧಾರಾವಾಹಿ ಮುಗಿಯುತ್ತದೆ. ಓದುಗರು ಮೆಚ್ಚಿ ಕಾಗದ ಬರೆದರೆ ಪುಸ್ತಕ ಮಾಡುತ್ತೇನೆ ಎಂದಿದ್ದಾರೆ. ಇಲ್ಲವಾದರೆ ಆ ಪುಟಗಳಿಗೆ ರಾಶಿಭವಿಷ್ಯ ಬರುತ್ತದಂತೆ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ ಸಾಹೇಬರೇ, ನನ್ನ ಹೆಸರಿನ ಒಂದು ಪುಸ್ತಕ ಕೈಯಲ್ಲಿ ಹಿಡಿಯಬೇಕೆಂದು ಬಹಳ ಆಸೆಯಿದೆ. ಇದುವರೆಗೆ ಮೆಚ್ಚಿ ಬಂದಿರುವ ಕಾಗದ ನಾಲ್ಕೇ. ಅದರಲ್ಲಿ ಒಂದು ನಮ್ಮ ತಾಯಿಯದು.

ತಮ್ಮ ವಿಧೇಯ,
ಪ್ರಭುಲಿಂಗ


ರಾಮನಗರ
27 ಜೂನ್ 2006

ಪ್ರಭುಲಿಂಗ ಅವರಿಗೆ,

ಪತ್ರ ಸೇರಿತು. ನಾನು ಕಚೇರಿಯಲ್ಲಿ ಕೂರುವ ಪೈಕಿ ಅಲ್ಲ. ಗೂಡಿನ ಕೆಲಸವೇ, ಆದರೆ ನೀರಿನ ಹತ್ತಿರದ್ದು.

ಇನ್ನೊಂದು ವಿಷಯ ಹೇಳಬೇಕಿತ್ತು. ಈಗ ಕೈ ಓಡುತ್ತಿಲ್ಲ, ಆಮೇಲೆ ಬರೆಯುತ್ತೇನೆ. ನಿಮ್ಮ ತಾಯಿಯವರು ಏನೆಂದು ಬರೆದಿದ್ದರು?

ರೋಮ್ ನಗರ ಹೇಗಿದೆ, ಸ್ವಲ್ಪ ಬರೆಯಿರಿ. ಆ ಅಖಾಡದ ಧೂಳು, ಆ ಕಲ್ಲಿನ ಬಿಸಿ, ಸಂದಿಯಲ್ಲಿ ನಿಂತು ಜಗಳವಾಡುವ ಹೆಂಗಸರು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನೋಡದವರು ಹಾಗೆ ಬರೆಯಲಾಗದು. ನೀವು ಅಲ್ಲಿ ಎಷ್ಟು ದಿನ ಇದ್ದಿರಿ?

ಇತಿ,
ವ. ಕರೀಂ


ಹಾರೋಹಳ್ಳಿ
5 ಜುಲೈ 2006

ಸಾಹೇಬರೇ,

ತಾವು ನನ್ನ ಬೇಡಿಕೆ ನಡೆಸಿಕೊಡುವಿರೆಂದು ನಂಬಿ ನೆಮ್ಮದಿಯಿಂದ ಇದ್ದೇನೆ. ನೀರಿನ ಹತ್ತಿರದ ಕೆಲಸವೆಂದರೆ ಪ್ರಯೋಗಾಲಯ ಇರಬೇಕು.

ರೋಮ್ ಬಗ್ಗೆ ಏನು ಹೇಳಲಿ? ದೊಡ್ಡ ಊರು. ಬೆಳಗಾದರೆ ಗಾಡಿಗಳ ಸದ್ದು, ಬಂಡೆ ಒಡೆಯುವ ಧೂಳು. ಚೌಕದಲ್ಲಿ ಯಾರು ಯಾವ ಕಡೆಯಿಂದ ನುಗ್ಗುತ್ತಾರೋ ತಿಳಿಯದು. ಕಾವಲು ದಳದವನ ಮೀಸೆ ನೋಡಿದರೆ ಸಾಕು, ಬಾಗಿಲು ದಾಟುವ ಧೈರ್ಯ ಬಾರದು. ಎಷ್ಟು ದಿನ ಇದ್ದೆನೆಂಬುದು ಮುಖ್ಯವಲ್ಲ. ಕಲಾವಿದನ ಕಣ್ಣಿಗೆ ಒಂದು ನೋಟ ಸಾಕು.

ತಾಯಿ ಬರೆದದ್ದು ಒಂದೇ ಸಾಲು. "ಆ ಹುಡುಗಿಗೆ ಯಾವಾಗ ಮದುವೆ ಮಾಡುತ್ತೀಯ?"

ತಮ್ಮ,
ಪ್ರಭುಲಿಂಗ


ಹಾರೋಹಳ್ಳಿ
16 ಜುಲೈ 2006

ಕರೀಂ ಅವರೇ,

ಜುಲೈ ಸಂಚಿಕೆ ಬಂತು. 'ಓದುಗರ ಓಲೆ'ಯಲ್ಲಿ ಮೊದಲನೆಯದೇ ನಿಮ್ಮದು. ಚೌಕಟ್ಟು ಬೇರೆ ಹಾಕಿದ್ದಾರೆ. 'ಮಾಂತ್ರಿಕನಿಗೆ ಗೂಡು ಗೊತ್ತಿಲ್ಲ' ಎಂಬ ದಪ್ಪಕ್ಷರದ ತಲೆಬರಹ.

ನಮ್ಮ ಗೇಟಿನ ಕಾವಲುಗಾರ ಬೋರಲಿಂಗಯ್ಯ ಇಡೀ ಶಿಫ್ಟಿಗೆ ಓದಿ ಹೇಳಿದ. "ಪ್ರಭಣ್ಣ, ನಿಂಗೆ ಗೂಡೂ ಗೊತ್ತಿಲ್ವಾ?" ಅಂತ ಡಬ್ಬ ಅಂಟಿಸುವ ಹುಡುಗಿಯರೆಲ್ಲ ಕೇಳಿದರು.

ಅಷ್ಟು ಬೇಡಿಕೊಂಡಿದ್ದೆ. ನನ್ನ ತಾಯಿಯ ಕಾಗದದ ಬಗ್ಗೆ ವಿಚಾರಿಸುತ್ತಲೇ ಇತ್ತ ಈ ಕೆಲಸ ಮಾಡಿದಿರಿ. ಇನ್ನು ಬರೆಯಬೇಡಿ.

ಪ್ರಭುಲಿಂಗ


ರಾಮನಗರ
24 ಜುಲೈ 2006

ತಮ್ಮ ಪ್ರಭುಲಿಂಗ ಅವರಿಗೆ,

ಬರೆಯಬೇಡಿ ಅಂದಿರಿ. ಆದರೂ ಬರೆಯುತ್ತಿದ್ದೇನೆ. ಓದಿ ಹರಿದುಹಾಕಿ.

ಜೂನ್ ಒಂಬತ್ತರಂದು ನಾನು ಎರಡು ಲಕೋಟೆ ಅಂಚೆಗೆ ಹಾಕಿದ್ದೆ. ಒಂದು ನಿಮಗೆ, ಒಂದು ಸಂಪಾದಕರಿಗೆ. ನೀವು ಬೇಡಿಕೊಂಡ ಕಾಗದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೇಳಬೇಕೆಂದು ಕೂತೆ, ನಾಚಿಕೆಯಾಯಿತು, ರೋಮ್ ಹೇಗಿದೆ ಎಂದು ಕೇಳಿ ತಪ್ಪಿಸಿಕೊಂಡೆ. ನನ್ನದು ತಪ್ಪು. ಕ್ಷಮಿಸಿ.

ಇನ್ನೂ ಒಂದಿದೆ. ನಾನು ಸಾಹೇಬ ಅಲ್ಲ, ಹೆಂಗಸು. ವಜೀರಾ ಅಂತ ಹೆಸರು. ಕರೀಂ ನನ್ನ ಯಜಮಾನರು. ನನಗೆ ಐವತ್ತೆರಡು ವರ್ಷ. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಘಟಕ ನಮ್ಮದು. ನಾನೂ ಸೇರಿ ಹನ್ನೆರಡು ಹೆಂಗಸರು ಬಿಸಿನೀರಿನ ತೊಟ್ಟಿಗಳ ಮುಂದೆ ಕೂರುತ್ತೇವೆ. ಅಧಿಕಾರಿ ಎಂದು ನೀವು ಬರೆದದ್ದನ್ನು ಓದಿದಾಗ ಎಲ್ಲರೂ ನಕ್ಕರು. ನನಗೆ ಮಾತ್ರ ಒಳಗೊಳಗೆ ಹಿತವಾಯಿತು. ಅದಕ್ಕೇ ತಿದ್ದಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಿಮ್ಮ ಕಥೆಯನ್ನು ನಾನೇ ಗಟ್ಟಿಯಾಗಿ ಓದುವುದು. ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕನ್ನಡ ಓದಿದ್ದೇನೆ. ನಿಮ್ಮ ಈ ಸಿಟ್ಟಿನ ಕಾಗದವನ್ನೂ ಹಾಗೆಯೇ ಓದಿದೆ. ಆಗ ನಮ್ಮ ಯಜಮಾನರು ಗೂಡಿನ ಮೂಟೆ ಇಳಿಸುತ್ತಾ ಹೇಳಿದರು, "ಅಲ್ಲ ಕಣೇ, ಆ ರೋಮ್‌ನೋರು ಯಾರಾದ್ರೂ ಗೂಡು ನೋಡವ್ರಾ? ನೋಡಿಲ್ಲ ಅಂದ್ರೆ ಆ ಮಾಂತ್ರಿಕ ಸುಳ್ಳು ಹೇಳ್ತಾ ಅವ್ನೆ. ಚಿಟ್ಟೆ ಹಾರಿಸಿ, ಕೈಯಾಗೆ ಬಚ್ಚಿಟ್ಕೊಂಡಿರೋ ಬೇರೆ ನೂಲು ಸುತ್ತವ್ನೆ. ಅಷ್ಟೇಯ."

ಶಿವಲಿಂಗಮ್ಮ ಅನ್ನುವವಳು ಊಟದ ಡಬ್ಬಿ ಮುಚ್ಚಿಟ್ಟು ಎದ್ದು ನಿಂತಳು. "ಅಂಗಾದ್ರೆ ಯಾರ್ ಪ್ರಾಣಾನೂ ಅವ್ನ್ ಕೈಲಿಲ್ಲ!" ಅಂತ ಕೂಗಿದಳು. ಪಕ್ಕದ ಮನೆಯವರು ಓಡಿಬಂದರು.

ಇದು ನಿಮ್ಮ ಕೆಲಸಕ್ಕೆ ಬಂದೀತೋ ಏನೋ. ಬರದಿದ್ದರೂ ಸಿಟ್ಟು ಬಿಡಿ.

ಇತಿ,
ವಜೀರಾ


ಹಾರೋಹಳ್ಳಿ
20 ಆಗಸ್ಟ್ 2006

ವಜೀರಕ್ಕನಿಗೆ ಪ್ರಭುಲಿಂಗನ ಸಾವಿರ ನಮಸ್ಕಾರ.

ನಾಲ್ಕು ವಾರ ಬರೆಯಲಿಲ್ಲ. ಮೊದಲ ವಾರ ಸಿಟ್ಟಿತ್ತು. ಎರಡನೆಯ ವಾರ ನಿಮ್ಮ ಪತ್ರವನ್ನು ಎಂಟು ಸಲ ಓದಿದೆ. ಆಮೇಲೆ ನನಗೆ ಕಾಲು ನೆಲಕ್ಕೆ ತಾಗಿಲ್ಲ.

ಅನಂತರಾಜು ಬರಹೇಳಿದರೆಂದು ಮಾಗಡಿಗೆ ಹೋದೆ. ಧಾರಾವಾಹಿ ನಿಂತಿತು ಎಂದುಕೊಂಡೇ ಮೆಟ್ಟಿಲು ಹತ್ತಿದೆ. ನೋಡಿದರೆ ಮೇಜಿನ ತುಂಬ ಕಾಗದ, ಅರವತ್ತಮೂರು! ಚನ್ನಪಟ್ಟಣ, ಕನಕಪುರ, ಬಿಡದಿ, ಮಾಗಡಿ, ಎಲ್ಲ ಕಡೆಯಿಂದ. ಹುಳು ಸಾಕುವವರು, ಗೂಡು ಮಾರುವವರು, ನೂಲು ತೆಗೆಯುವವರು, ಎಲ್ಲರೂ ನನ್ನನ್ನು ಬೈದಿದ್ದಾರೆ. ನಮ್ಮ ಊರಿನವರೇ ಆದ ಮುನಿಯಪ್ಪ ಎಂಬುವರು, ರೋಮ್ ಸೈನಿಕರು ಮೆಣಸಿನಕಾಯಿ ಬಜ್ಜಿ ತಿಂದದ್ದೂ ತಪ್ಪು, ಆ ಕಾಲದಲ್ಲಿ ಅಲ್ಲಿಗೆ ಮೆಣಸಿನಕಾಯಿಯೇ ಬಂದಿರಲಿಲ್ಲ ಎಂದು ಮೂರು ಪುಟ ಬರೆದಿದ್ದಾರೆ.

ಅನಂತರಾಜು ನನ್ನ ಬೆನ್ನಿಗೆ ಗುದ್ದಿದರು. "ಲೇ ಪ್ರಭು, ನಮ್ ಪತ್ರಿಕೆ ಸುರುವಾದಾಗಿಂದ ಇಷ್ಟ್ ಕಾಗ್ದ ಬಂದಿಲ್ಲ ಕಣ್ಲಾ! ಬೇಕೂ ಅಂತ್ಲೇ ತಪ್ಪು ಬರ್ದು ಜನಾವ ಎಬ್ಬಿಸ್ಬುಟ್ಟಲ್ಲ, ಭಲೇ ಐನಾತಿ ನೀನು. ಪುಸ್ತಕ ಮಾಡೋದೇಯ!" ಅಂದರು. ನಾನು ತಲೆಯಾಡಿಸಿದೆ ಅಕ್ಕ. ಬೇಕೆಂದೇ ಮಾಡಿದ್ದು ಅಂದುಬಿಟ್ಟೆ.

ಕನಕಪುರದ ಗ್ರಂಥಾಲಯದಲ್ಲಿ ಹುಡುಕಿದೆ. ಹಳೆಯ ರೋಮಿನವರು ರೇಷ್ಮೆಯನ್ನು ಮರದ ಎಲೆಯಿಂದ ಬಾಚಿ ತೆಗೆಯುವ ತುಪ್ಪುಳ ಎಂದು ತಿಳಿದಿದ್ದರಂತೆ! ಕರೀಂ ಭಾಯಿ ಹೇಳಿದ್ದು ಸರಿಯೇ ಸರಿ. ಕೊರ್ವಸ್ ಸುಳ್ಳ. ಪೂರ್ವದೇಶದಿಂದ ಬಂದ ಒಬ್ಬಳು ಮುದುಕಿ ಅರಮನೆಯ ಅಡುಗೆಮನೆಯಲ್ಲಿ ಗುಲಾಮಳಾಗಿದ್ದಾಳೆ ಎಂದು ಇಟ್ಟುಕೊಂಡಿದ್ದೇನೆ. ಅವಳೊಬ್ಬಳಿಗೇ ಗೂಡು ಗೊತ್ತು. ಆದರೆ ಚೌಕದಲ್ಲಿ ಅವಳು ಇದನ್ನು ತೋರಿಸಿಕೊಡುವುದು ಹೇಗೆ? ನೀವು ಕೈಯಿಂದ ಏನೇನು ಮಾಡುತ್ತೀರಿ, ಎಲ್ಲ ಬಿಡಿಸಿ ಬರೆಯಿರಿ.

ನಾನೂ ಒಂದು ಒಪ್ಪಿಕೊಳ್ಳಬೇಕು. ಮೈಸೂರು ದಾಟಿ ನಾನು ಎಲ್ಲಿಗೂ ಹೋದವನಲ್ಲ. ಆ ಚೌಕ ಕನಕಪುರದ ಬಸ್‌ಸ್ಟ್ಯಾಂಡು, ಅಖಾಡ ನಮ್ಮ ಸಂತೆ ಮೈದಾನ. ಕಾವಲು ದಳದ ಮೀಸೆ ಬೋರಲಿಂಗಯ್ಯನದು.

ನಿಮ್ಮ ತಮ್ಮ,
ಪ್ರಭುಲಿಂಗ


ರಾಮನಗರ
29 ಆಗಸ್ಟ್ 2006

ತಮ್ಮ ಪ್ರಭುಲಿಂಗ,

ರೋಮ್ ಕನಕಪುರದಲ್ಲಿದೆ ಎಂದು ಕೇಳಿ ಎಲ್ಲರಿಗೂ ಖುಷಿಯಾಯಿತು. ಬಸ್ಸಿನಲ್ಲಿ ಹೋಗಿ ನೋಡಿಬರಬಹುದು ಅನ್ನುತ್ತಿದ್ದಾರೆ.

ಕೆಲಸ ಹೀಗೆ. ಗೂಡನ್ನು ಕುದಿಯುವ ನೀರಿಗೆ ಹಾಕಬೇಕು. ಅಂಟು ಬಿಡುತ್ತದೆ. ತೂತು ಗೂಡಾದರೆ ಒಳಗೆ ನೀರು ತುಂಬಿ ಮುಳುಗುತ್ತದೆ, ಎಳೆದರೆ ಚೂರು ಬರುತ್ತದೆ. ಸರಿಯಾದ ಗೂಡಾದರೆ ಮೇಲೆ ಸಿಕ್ಕು ಸಿಕ್ಕಾದ ಜಾಳು ಇರುತ್ತದೆ. ಅದನ್ನು ಸವರಿ ತೆಗೆದು, ಬಿಸಿನೀರಿಗೇ ಬೆರಳು ಹಾಕಿ ಎಳೆಯ ತುದಿ ಹುಡುಕಬೇಕು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಸಿಕ್ಕಿತೆಂದರೆ ಗೂಡು ನೀರಲ್ಲಿ ಕುಣಿಯುತ್ತಾ ಬಿಚ್ಚಿಕೊಳ್ಳುತ್ತದೆ. ಇಲ್ಲಿಂದ ರೈಲ್ವೆ ಸ್ಟೇಷನ್ನಿನವರೆಗೆ ಎಳೆಯಬಹುದು.

ಈಗ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಬೇಕೆಂದೇ ಮಾಡಿದ ತಪ್ಪು ಎಂದು ತಲೆಯಾಡಿಸಿದಿರಲ್ಲ, ಇದನ್ನು ಓದಿ ಹೇಳುವಾಗ ನನ್ನ ದನಿ ಇಳಿಯಿತು. ಕೊರ್ವಸ್ ಮಾಡಿದ್ದೂ ಇದನ್ನೇ ಅಲ್ಲವೇ? ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಚೌಕದಲ್ಲಿ ನಿಂತು ಹೇಳಿದ. ಪುಸ್ತಕದ ಆಸೆ ನನಗೂ ಅರ್ಥವಾಗುತ್ತದೆ. ನಾನೂ ಸಾಹೇಬಳಾಗಿ ಒಂದು ತಿಂಗಳು ಇದ್ದವಳೇ. ಆದರೂ ಹೇಳಬೇಕೆನಿಸಿತು.

ಸೆಪ್ಟೆಂಬರ್ ಹತ್ತು, ಭಾನುವಾರ, ಇಲ್ಲಿಗೆ ಬನ್ನಿ. ಕೊನೆಯ ಕಂತು ಬರೆದುಕೊಂಡೇ ಬನ್ನಿ. ಅಚ್ಚಿಗೆ ಹೋಗುವ ಮೊದಲು ನಾವು ಹನ್ನೆರಡು ಜನ ಕೇಳಬೇಕು.

ಅಕ್ಕ,
ವಜೀರಾ


ಹಾರೋಹಳ್ಳಿ
19 ಸೆಪ್ಟೆಂಬರ್ 2006

ಪ್ರೀತಿಯ ವಜೀರಕ್ಕ,

ಆ ಭಾನುವಾರ ಎಲ್ಲರಿಗೂ ಬಿರಿಯಾನಿ ಮಾಡಿ, ಮಾಂಸ ತಿನ್ನದ ನನಗೆಂದೇ ಬೇರೆ ಬದನೆಕಾಯಿ ಸಾರು ಮಾಡಿದ್ದಿರಿ. ಅದರ ರುಚಿ ಇನ್ನೂ ನಾಲಿಗೆಯಲ್ಲಿದೆ.

ನಗರಕ್ಕೆ ಸುತ್ತಿದ ಎಳೆಯನ್ನು ಮುದುಕಿ ಕತ್ತಿಯಿಂದ ಕತ್ತರಿಸಿ, ದ್ರೂಸಿಲ್ಲ ಕೊರ್ವಸ್‌ನ ತಲೆ ಹಾರಿಸುವಂತೆ ಬರೆದು ತಂದಿದ್ದೆ. ನಾನು ಓದಿ ಮುಗಿಸಿದಾಗ ಚಪ್ಪಾಳೆ ಬರುತ್ತದೆ ಎಂದುಕೊಂಡಿದ್ದೆ. ಶಿವಲಿಂಗಮ್ಮ, "ಸತ್ರೆ ಏನ್ ಬಂತು? ಒಂದಿನ ನಮ್ ತೊಟ್ಟಿ ಮುಂದೆ ಕೂರ್ಲಿ, ಆಗ ಗೊತ್ತಾಯ್ತದೆ ಮಾಂತ್ರಿಕಂಗೆ" ಅಂದಳು. ಎಲ್ಲರೂ ಹೌದೌದು ಅಂದರು. ನಿಮ್ಮ ಪಕ್ಕದ ತೊಟ್ಟಿಯ ಹುಡುಗಿ ಭಾನುಪ್ರಿಯ, "ಅಣ್ಣ, ಆ ಅಜ್ಜಿ ಎಳೇನ ಕತ್ತೀಲಿ ಯಾಕ್ ಕುಯ್ಯಬೇಕು? ನಾವು ಹಲ್ಲಲ್ಲೇ ಕಚ್ಚಿ ಅಲ್ವಾ ಕೀಳೋದು?" ಅಂದಳು. ಹನ್ನೊಂದು ವರ್ಷ ಬರೆದವನಿಗೆ ಇದು ಹೊಳೆದಿರಲಿಲ್ಲ. ಬಸ್ಸಿನಲ್ಲೇ ಎರಡನ್ನೂ ತಿದ್ದಿದೆ.

ಮಾರನೆಯ ದಿನವೇ ಮಾಗಡಿಗೆ ಹೋಗಿ ಅನಂತರಾಜು ಅವರಿಗೆ ನಿಜ ಹೇಳಿದೆ. ಬೇಕೆಂದು ಮಾಡಿದ್ದಲ್ಲ, ನಿಜವಾಗಿ ಗೊತ್ತಿರಲಿಲ್ಲ, ತಿದ್ದಿದವರು ರಾಮನಗರದ ವಜೀರಾ ಅಂದೆ. ಅವರ ಮುಖ ಸಪ್ಪಗಾಯಿತು. ಚಹಾ ತರಿಸಿದರು, ಕುಡಿಯಲಿಲ್ಲ. ಕೊನೆಗೆ, "ಆಯ್ತು ಬುಡು. ಇದ್ನೂ ಬರ್ದುಕೊಡು, ಕೊನೆ ಕಂತಿನ್ ಜೊತೇಲಿ ಹಾಕ್ತೀನಿ. ಜನ ಒಪ್ಪುದ್ರೆ ಪುಸ್ತಕ. 'ಇವ್ನಿಗೇ ಗೊತ್ತಿಲ್ಲ, ನಮಗೇನ್ ಹೇಳ್ತಾನೆ' ಅಂದ್ರೆ ಇಲ್ಲ" ಅಂದರು.

ಮೂರು ಪ್ಯಾರಾ ಬರೆದುಕೊಟ್ಟು ಬಂದೆ. ಭಯವಾಗಿದೆ. ಆದರೂ ಹಗುರವಾಗಿದೆ.

ನಿಮ್ಮ ತಮ್ಮ,
ಪ್ರಭು


ಹಾರೋಹಳ್ಳಿ
2 ನವೆಂಬರ್ 2006

ವಜೀರಕ್ಕ,

ಪುಸ್ತಕ! ಪುಸ್ತಕ! ಪುಸ್ತಕ!

ಕಾಗದ ಎಷ್ಟು ಬಂದವೆಂದು ಅನಂತರಾಜು ಎಣಿಸುವುದನ್ನೇ ಬಿಟ್ಟಿದ್ದಾರೆ. ತಪ್ಪೊಪ್ಪಿಕೊಂಡವನನ್ನು ಬೈಯುವುದು ಹೇಗೆ ಎಂದು ಬಹಳ ಜನಕ್ಕೆ ಪೇಚಾಟವಾಗಿದೆ. ಮುನಿಯಪ್ಪನವರು ಮಾತ್ರ, ಹಾಗೆಯೇ ಮೆಣಸಿನಕಾಯಿ ಬಜ್ಜಿಯನ್ನೂ ಒಪ್ಪಿಕೊಳ್ಳಬೇಕು ಎಂದು ಹಟ ಹಿಡಿದಿದ್ದಾರೆ. ಒಪ್ಪಿಕೊಂಡೆ. ಪುಸ್ತಕದಲ್ಲಿ ಸೈನಿಕರು ಕಾಳುಮೆಣಸು ಹಾಕಿದ ಗಂಜಿ ಕುಡಿಯುತ್ತಾರೆ.

ಬೋರಲಿಂಗಯ್ಯ ಗೇಟಿನಲ್ಲಿ ನಿಲ್ಲಿಸಿ ಕೊನೆಯ ಕಂತು ಮತ್ತೆ ಓದಿಸಿದ. ಕೊರ್ವಸ್ ಸುತ್ತಿದ್ದ ಎಳೆಯನ್ನು ಅಜ್ಜಿ ಹಲ್ಲಿನಲ್ಲಿ ಕಡಿದು, ರೋಮ್ ನಗರವೆಲ್ಲ ಉಸಿರು ಬಿಗಿಹಿಡಿದು, ಒಬ್ಬರೂ ಸಾಯದೆ, ಮೊದಲು ಒಂದು ಕೂಸು ಕಿಲಕಿಲ ನಗುವ ಜಾಗದಲ್ಲಿ ಮೀಸೆ ಒರೆಸಿಕೊಂಡ.

ಮೊದಲ ಪುಟದಲ್ಲಿ 'ಎಳೆಯ ತುದಿ ಹುಡುಕಿಕೊಟ್ಟ ವಜೀರಕ್ಕನಿಗೆ' ಎಂದು ಹಾಕಬೇಕೆಂದಿದ್ದೇನೆ. ಬೇಡ ಅನ್ನಬೇಡಿ.

ಪ್ರಭು


ರಾಮನಗರ
21 ನವೆಂಬರ್ 2006

ನನ್ನ ತಮ್ಮ ಪ್ರಭುವಿಗೆ,

ಇನ್ನು ನಿನ್ನನ್ನು ನೀವು ಅನ್ನುವುದಿಲ್ಲ. ನಿನ್ನ ಕಾಗದ ಬಂದ ದಿನ ಯಜಮಾನರು ಇಡೀ ಬೀದಿಗೆ ಮೈಸೂರುಪಾಕು ಹಂಚಿದರು. ಏನು ವಿಶೇಷ ಎಂದು ಕೇಳಿದವರಿಗೆಲ್ಲ, "ರೋಮ್ ಗೆದ್ದೆವು" ಅಂದರು. ಮೊದಲ ಪುಟಕ್ಕೆ ನಾನು ಬೇಡ ಅನ್ನುವುದಿಲ್ಲ. ಆದರೆ ಹನ್ನೆರಡು ಹೆಸರೂ ಹಾಕು. ಶಿವಲಿಂಗಮ್ಮನ ಹೆಸರು ಬಿಟ್ಟರೆ ನಾನು ಈ ಊರಲ್ಲಿ ಬಾಳುವ ಹಾಗಿಲ್ಲ.

ತಡವಾಗಿ ಬರೆಯಲು ಕಾರಣವಿದೆ. ನಮ್ಮ ಭಾವನ ಮಗಳ ಮದುವೆಗೆಂದು ಚನ್ನಪಟ್ಟಣಕ್ಕೆ ಹೋಗಿದ್ದೆವು. ಅಲ್ಲಿ ನಡೆದದ್ದನ್ನು ನಿನಗೆ ಹೇಳದೆ ಇರಲಾರೆ.

ನಿನ್ನ ಕಥೆಯಲ್ಲಿ ಆ ಅಜ್ಜಿ ಕುದಿಯುವ ನೀರಿಗೆ ಕೈ ಹಾಕಿ ತುದಿ ಹುಡುಕುತ್ತಾಳೆ. ಕೂಗಿಕೊಳ್ಳುವುದಿಲ್ಲ. ರೋಮಿನ ಜನ ಬೆಚ್ಚಿ, ಮಾಂತ್ರಿಕ ಇವನಲ್ಲ, ಇವಳು ಎಂದು ಮೊಣಕಾಲೂರುತ್ತಾರೆ. ಅದೇ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ, ಭಾನುಪ್ರಿಯ ಪತ್ರಿಕೆ ಕಸಿದುಕೊಂಡು ಮುಂದೆ ಓದಿದಳು. ನಾನು ನೀರಿಗೆ ಕೈ ಹಾಕಿ ಮೂವತ್ತನಾಲ್ಕು ವರ್ಷವಾಯಿತು. ಅದು ಹೊಟ್ಟೆಪಾಡು ಅಂತಲೇ ತಿಳಿದಿದ್ದೆ.

ನೂಲು ತೆಗೆಯುವವರ ಕೈ ನೀನು ಸರಿಯಾಗಿ ನೋಡಿರಲಿಕ್ಕಿಲ್ಲ, ನಾವು ತೋರಿಸುವುದಿಲ್ಲ. ನೆಂದು ನೆಂದು ಬೆಳ್ಳಗಾಗಿ, ಸುಕ್ಕಾಗಿ, ಬೆರಳ ತುದಿ ಬಿರಿದಿರುತ್ತದೆ. ಮದರಂಗಿ ಬಣ್ಣ ಹಿಡಿಯುವುದಿಲ್ಲ. ಮದುವೆ ಮನೆಗಳಲ್ಲಿ ಮದರಂಗಿ ಶುರುವಾಯಿತೆಂದರೆ ನಾನು ಅಡುಗೆಮನೆ ಸೇರಿಕೊಳ್ಳುತ್ತಿದ್ದೆ. ಕೈಯನ್ನು ಸೆರಗಿನಡಿ ಇಟ್ಟುಕೊಂಡೇ ಇಷ್ಟು ವರ್ಷ ಕಳೆದೆ. ನನ್ನ ಮದುವೆಯ ನಂತರ ಒಮ್ಮೆಯೂ ಹಚ್ಚಿಸಿಕೊಂಡಿಲ್ಲ.

ಈ ಸಲ ಹೋಗಿ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತೆ. ಎರಡೂ ಕೈ ಮುಂದಿಟ್ಟೆ. ಹಚ್ಚುವ ಹುಡುಗಿ ನೋಡಿ ಹಿಂಜರಿದಳು. "ಚಾಚಿ, ಇದ್ಕೆ ರಂಗು ಹಿಡಿಯಲ್ಲ" ಅಂದಳು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ನನ್ನ ಜೊತೆ ಬಂದಿದ್ದ ಭಾನುಪ್ರಿಯ ಎಲ್ಲರಿಗೂ ಕೇಳುವ ಹಾಗೆ, "ಹಿಡೀದಿದ್ರೆ ಬುಡವ್ವ. ಒಂದಿಡೀ ರೋಮ್ ನಗರಾನ ಉಳ್ಸಿರೋ ಕೈ ಅವು" ಅಂದಳು.

ಹಾಗೆಂದರೇನು ಎಂದು ಮದುವಣಗಿತ್ತಿ ಕೇಳಿದಳು. ನಾನು ಮೊದಲಿನಿಂದ ಹೇಳಲು ಶುರುಮಾಡಿದೆ. ದ್ರೂಸಿಲ್ಲ, ಸಿಂಹ, ಕೊರ್ವಸ್, ಚಿನ್ನದ ಪೆಟ್ಟಿಗೆ, ಎಲ್ಲ. ಅಡುಗೆಮನೆಯಿಂದ ಹೆಂಗಸರು ಬಂದು ಕೂತರು. ಹಚ್ಚುವ ಹುಡುಗಿ ಹಚ್ಚುತ್ತಲೇ ಕೇಳಿದಳು. ಅಜ್ಜಿ ತುದಿ ಹುಡುಕುವುದನ್ನು ಹಸಿ ಮದರಂಗಿಯ ಕೈಯಲ್ಲೇ ಅಭಿನಯಿಸಿ ತೋರಿಸಿದೆ. ಎಲ್ಲರ ಬಟ್ಟೆಗೂ ಚಿಮ್ಮಿತು, ಯಾರೂ ಬೈಯಲಿಲ್ಲ.

ಬೆಳಗ್ಗೆ ತೊಳೆದು ನೋಡಿದೆ. ರಂಗು ಹಿಡಿದಿರಲಿಲ್ಲ. ಆದರೂ ಮದುವೆಯ ಎರಡು ದಿನವೂ ಕೈ ಹೊರಗಿಟ್ಟುಕೊಂಡೇ ಓಡಾಡಿದೆ.

ನಿನ್ನ ಅಕ್ಕ,
ವಜೀರಾ